ಕುಂಡದ ಸೇವಂತಿಗೆ: ಚಳಿಗಾಲದಿಂದ ಮುಂದಿನ ದೀಪಾವಳಿಯವರೆಗೆ

ದೀಪಾವಳಿ ಸಮೀಪಿಸಿತೆಂದರೆ ಬಸವಕಲ್ಯಾಣ, ಹುಮನಾಬಾದ್ ಪೇಟೆಗಳಲ್ಲಿ ಹಳದಿ ಮತ್ತು ಬಿಳಿ ಸೇವಂತಿಗೆಯ ರಾಶಿಗಳು ಕಣ್ಣಿಗೆ ಬೀಳತೊಡಗುತ್ತವೆ. ಕನ್ನಡ, ಮರಾಠಿ, ತೆಲುಗು, ಉರ್ದು ಭಾಷೆಗಳು ಒಂದೇ ಅಂಗಳದಲ್ಲಿ ಕೇಳಿಬರುವ ನಮ್ಮ ಗಡಿನಾಡಿನಲ್ಲಿ ಇದೇ ಹೂವಿಗೆ ಶಾವಂತಿಗೆ, ಶೇವಂತಿ, ಚಾಮಂತಿ, ಗುಲ್‌ದಾವೂದಿ ಎಂಬ ಹೆಸರುಗಳಿವೆ. ಹೆಸರು ಯಾವುದಾದರೂ ದೀಪಾವಳಿಯ ಪೂಜೆಗೆ, ಎಳ್ಳಮಾವಾಸ್ಯೆಗೆ, ಜನವರಿ ತಿಂಗಳ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಮನೆಯ ಗಿಡದಲ್ಲಿಯೇ ಹೂವು ದೊರೆತರೆ ಗೃಹಿಣಿಗೆ ಆಗುವ ಸಂತೋಷ ಒಂದೇ. 12ನೆಯ ಶತಮಾನದ ಕಲ್ಯಾಣದಲ್ಲಿ ಹೂಗಾರ ಮಾದಯ್ಯನವರು ಶರಣರ ಮನೆಗಳಿಗೆ ಹೂವು ಪತ್ರೆಗಳನ್ನು ಒದಗಿಸುವುದನ್ನೇ ಕಾಯಕವಾಗಿ ನಡೆಸಿದರೆಂಬುದು ಪರಂಪರೆಯಿಂದ ಬಂದ ಮಾತು. ಅಂತಹ ನೆಲದಲ್ಲಿ ವಾಸಿಸುವ ನಮಗೆ ಹೂವಿನ ಗಿಡವೊಂದನ್ನು ಉಳಿಸಿಕೊಳ್ಳುವುದು ಕೇವಲ ಅಲಂಕಾರದ ಮಾತಾಗಲಾರದು.

ಆದರೆ ವರ್ಷವರ್ಷವೂ ನಡೆಯುವುದೇನು? ಅಕ್ಟೋಬರಿನಲ್ಲಿ ಹಣ ಕೊಟ್ಟು ತಂದ ಕುಂಡ ಡಿಸೆಂಬರಿನವರೆಗೆ ಮನೆಯ ಮುಂದೆ ಬೆಳಗುತ್ತದೆ. ಜನವರಿಯಲ್ಲಿ ಹೂವು ಕಂದುತ್ತದೆ, ಎಲೆಗಳು ಬಾಡುತ್ತವೆ. ಫೆಬ್ರುವರಿಯಲ್ಲಿ ಒಣಗಿದ ಕಡ್ಡಿಗಳನ್ನು ಕಂಡು "ಚಳಿಗೆ ಗಿಡ ಸತ್ತಿತು" ಎಂದು ತೀರ್ಮಾನಿಸಿ ತಿಪ್ಪೆಗೆ ಸುರಿಯುತ್ತೇವೆ. ಮುಂದಿನ ದೀಪಾವಳಿಗೆ ಮತ್ತೊಂದು ಕುಂಡ ಮನೆಗೆ ಬರುತ್ತದೆ.

ನಮ್ಮ ಮನೆಯಲ್ಲಿಯೂ ಒಮ್ಮೆ ಹೀಗೆಯೇ ಆಯಿತು. ಅತ್ತೆಯವರು ತಮ್ಮ ತವರಿನಿಂದ ತಂದಿದ್ದ ಹಳದಿ ಸೇವಂತಿಗೆಯೊಂದು ಅನೇಕ ವರ್ಷ ಪಡಸಾಲೆಯ ಮುಂದೆ ಅರಳುತ್ತಿತ್ತು. ಬೆಳಗಿನ ಪೂಜೆಗೆ ಅದರ ಹೂವುಗಳನ್ನು ಅವರೇ ಬಿಡಿಸುತ್ತಿದ್ದರು. ಅವರು ಲಿಂಗೈಕ್ಯರಾದದ್ದು ಒಂದು ಚಳಿಗಾಲದ ಕೊನೆಯಲ್ಲಿ. ಆ ದಿನಗಳ ಗದ್ದಲದಲ್ಲಿ ಕುಂಡದ ಕಡೆಗೆ ಯಾರೂ ನೋಡಲಿಲ್ಲ. ಒಂದು ತಿಂಗಳ ಬಳಿಕ ಒಣಕಲು ಕಡ್ಡಿಗಳನ್ನು ನೋಡಿ, ಅದೂ ಹೋಯಿತೆಂದುಕೊಂಡು ಕುಂಡವನ್ನು ಹಿತ್ತಲಿಗೆ ಒಯ್ದೆ. ಪಕ್ಕದ ಮನೆಯ ಹಿರಿಯ ತಾಯಿಯೊಬ್ಬರು ಬಾಗಿ ನೋಡಿ, "ಗಿಡ ಸತ್ತಿಲ್ಲವ್ವ, ಬುಡಕ ನೋಡು, ಕಂದು ಅದಾವ" ಎಂದರು. ಕಡ್ಡಿಗಳ ನಡುವೆ ಮಣ್ಣಿಗೆ ಅಂಟಿಕೊಂಡು ಉಗುರಿನಷ್ಟು ಹಸಿರು ಚಿಗುರುಗಳು ನಾಲ್ಕಾರು ಇದ್ದವು. ಗಿಡವನ್ನು ನೋಡಬೇಕಾದದ್ದು ತುದಿಯಲ್ಲಲ್ಲ, ಬುಡದಲ್ಲಿ ಎಂಬುದನ್ನು ಆ ದಿನ ಕಲಿತೆ. ಹಾಗೆ ಕಲಿತದ್ದನ್ನೂ ಅನಂತರ ತಿಳಿದುಕೊಂಡದ್ದನ್ನೂ ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಸೇವಂತಿಗೆಯ ಸ್ವಭಾವ

ಸೇವಂತಿಗೆ ಒಂದು ವರ್ಷಕ್ಕೆ ಮುಗಿದುಹೋಗುವ ಗಿಡವಲ್ಲ. ಚೆಂಡುಹೂವಿನಂತೆ ಬೀಜ ಕಟ್ಟಿ ಸಾಯುವುದು ಅದರ ಗುಣವಲ್ಲ. ಅದು ಬಹುವಾರ್ಷಿಕ ಸಸ್ಯ. ಹೂ ಬಿಟ್ಟ ಕಾಂಡ ಮಾತ್ರ ಒಣಗುತ್ತದೆ, ಬುಡ ಜೀವಂತವಾಗಿರುತ್ತದೆ. ಹೂ ಮುಗಿಯುವ ಹೊತ್ತಿಗೆ ಮಣ್ಣಿನೊಳಗಿನಿಂದ ಹೊಸ ಮರಿಸಸಿಗಳು ಮೇಲಕ್ಕೆ ಬರುತ್ತವೆ. ಇವುಗಳನ್ನೇ ಕಂದುಗಳೆಂದು ಕರೆಯುತ್ತಾರೆ. ಮುಂದಿನ ವರ್ಷದ ಹೂವು ಇರುವುದು ಈ ಕಂದುಗಳಲ್ಲಿ.

ಇನ್ನೊಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಸೇವಂತಿಗೆಯ ಬೀಜ ಬಿತ್ತಿದರೆ ಹುಟ್ಟುವ ಸಸಿ ತಾಯಿಗಿಡದ ಬಣ್ಣ, ಆಕಾರಗಳನ್ನು ಹಾಗೆಯೇ ಪಡೆಯುವುದಿಲ್ಲ. ಕಂದಿನಿಂದ ಬೆಳೆದ ಗಿಡ ಎಲ್ಲ ರೀತಿಯಲ್ಲಿಯೂ ತಾಯಿಗಿಡವೇ. ಅಜ್ಜಿಯ ಕಾಲದ ಗಿಡದ ಕಂದನ್ನು ಉಳಿಸಿಕೊಂಡು ಬಂದ ಮನೆಯಲ್ಲಿ ಇಂದು ಅರಳುವುದು ಅಜ್ಜಿ ಕಂಡ ಅದೇ ಹೂವು. ಒಂದೇ ಒಂದು ವರ್ಷ ಕಂದು ತಪ್ಪಿದರೆ ಆ ಹೂವು ಮನೆಯಿಂದ ಶಾಶ್ವತವಾಗಿ ಹೋದಂತೆ. ಪೇಟೆಯಲ್ಲಿ ಬೇರೆ ಗಿಡ ಸಿಗಬಹುದು, ಅದು ಸಿಗಲಾರದು.

ಚಳಿಯಲ್ಲ, ತೇವವೇ ವೈರಿ

ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಬಯಲು ನಮ್ಮದು. ಕರ್ನಾಟಕದಲ್ಲಿ ಚಳಿಗಾಲದ ರಾತ್ರಿಗಳು ಹೆಚ್ಚು ತಣ್ಣಗಿರುವ ಜಿಲ್ಲೆಗಳಲ್ಲಿ ಬೀದರ್ ಒಂದು. ಡಿಸೆಂಬರ್, ಜನವರಿಗಳಲ್ಲಿ ಉತ್ತರದ ಒಣಗಾಳಿ ಬೀಸಿದಾಗ ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವುದುಂಟು. ಆದರೆ ನೀರು ಹೆಪ್ಪುಗಟ್ಟುವ ಚಳಿ ನಮ್ಮದಲ್ಲ. ಯೂರೋಪಿನ ತೋಟಗಾರರು ಹಿಮದಿಂದ ಕಾಪಾಡಲು ಗಿಡದ ಬುಡಗಳನ್ನು ಅಗೆದು ಗಾಜಿನ ಮುಚ್ಚಳದ ಪೆಟ್ಟಿಗೆಗಳಲ್ಲಿ ಇಡುತ್ತಾರೆ. ನಮಗೆ ಅಷ್ಟು ಶ್ರಮದ ಅವಶ್ಯಕತೆ ಇಲ್ಲ. ಇಲ್ಲಿಯ ಚಳಿಯಲ್ಲಿ ಸೇವಂತಿಗೆಯ ಬೆಳವಣಿಗೆ ನಿಧಾನವಾಗುತ್ತದೆಯೇ ಹೊರತು ಗಿಡ ಸಾಯುವುದಿಲ್ಲ.

ಹಾಗಾದರೆ ಚಳಿಗಾಲದಲ್ಲಿ ಕುಂಡಗಳು ಹಾಳಾಗುವುದೇಕೆ? ಬಹುಪಾಲು ಕಾರಣ ನೀರು. ತಂಪಿನ ದಿನಗಳಲ್ಲಿ ಗಿಡ ಕಡಿಮೆ ನೀರು ಕುಡಿಯುತ್ತದೆ, ಮಣ್ಣು ಬೇಗ ಆರುವುದಿಲ್ಲ. ನಾವಾದರೋ ಬೇಸಿಗೆಯ ರೂಢಿಯಂತೆ ಸಂಜೆ ಕೊಡ ಹಿಡಿದು ದಿನವೂ ಸುರಿಯುತ್ತೇವೆ. ರಾತ್ರಿಯೆಲ್ಲ ಬೇರು ತಣ್ಣನೆಯ ಕೆಸರಿನಲ್ಲಿ ನಿಂತು ಕೊಳೆಯುತ್ತದೆ. ಎಲೆ ಬಾಡಿದ್ದನ್ನು ಕಂಡು ನೀರು ಸಾಲದೆಂದು ಭಾವಿಸಿ ಇನ್ನಷ್ಟು ಸುರಿಯುತ್ತೇವೆ. ಗಿಡವನ್ನು ಕೊಲ್ಲುವುದು ಈ ತಪ್ಪು ತಿಳಿವಳಿಕೆ.

ಆದುದರಿಂದ ಚಳಿಗಾಲದಲ್ಲಿ ಪಾಲಿಸಬೇಕಾದ ಕ್ರಮಗಳು ಇವು:

ಮೊದಲನೆಯದು, ನೀರು ಬೆಳಿಗ್ಗೆ ಬಿಸಿಲು ಏರಿದ ಮೇಲೆ ಮಾತ್ರ. ಮಣ್ಣಿನಲ್ಲಿ ಬೆರಳನ್ನು ಒಂದು ಅಂಗುಲದಷ್ಟು ಇಳಿಸಿ ನೋಡಬೇಕು. ಒಣಗಿದ್ದರೆ ಕುಂಡದ ತಳದಿಂದ ಹನಿ ಹೊರಬರುವಷ್ಟು ಹಾಕಬೇಕು, ಹಸಿಯಿದ್ದರೆ ಆ ದಿನ ಬಿಡಬೇಕು. ಹೂವಿನ ಮೇಲೂ ಎಲೆಯ ಮೇಲೂ ನೀರು ಚಿಮುಕಿಸಬಾರದು. ಎಲೆ ದೀರ್ಘಕಾಲ ತೇವವಾಗಿದ್ದರೆ ಎಲೆಚುಕ್ಕೆ ರೋಗ, ತುಕ್ಕುರೋಗಗಳಿಗೆ ಎಡೆಯಾಗುತ್ತದೆ.

ಎರಡನೆಯದು, ಕುಂಡವನ್ನು ನೇರವಾಗಿ ಫರ್ಸಿಯ ಮೇಲೆ ಇಡದೆ ಎರಡು ಇಟ್ಟಿಗೆಗಳ ಮೇಲೆ ಇಡಬೇಕು. ತಳದ ರಂಧ್ರ ತೆರೆದಿದ್ದು ನೀರು ಹರಿದುಹೋಗುತ್ತದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬಾರದು.

ಮೂರನೆಯದು, ಸ್ಥಳ. ಮೋಡವಿಲ್ಲದ ರಾತ್ರಿ ನೆಲದ ಶಾಖವೆಲ್ಲ ಆಕಾಶಕ್ಕೆ ಹೊರಟುಹೋಗುವುದರಿಂದ ತೆರೆದ ಮಾಳಿಗೆಯ ಮೇಲೆ ಚಳಿ ಹೆಚ್ಚು. ದಕ್ಷಿಣಕ್ಕೆ ಮುಖ ಮಾಡಿದ ಕಲ್ಲಿನ ಗೋಡೆಯ ಬಳಿ ಇಟ್ಟರೆ ಹಗಲು ಕಾದ ಗೋಡೆ ರಾತ್ರಿ ಸ್ವಲ್ಪ ಸ್ವಲ್ಪವೇ ಬಿಸಿಯನ್ನು ಬಿಡುತ್ತದೆ, ಉತ್ತರದ ಗಾಳಿಯೂ ತಪ್ಪುತ್ತದೆ. ಹಗಲು ಐದಾರು ಗಂಟೆಯಾದರೂ ಬಿಸಿಲು ಬೀಳಬೇಕು. ಚಳಿಗೆ ಹೆದರಿ ಕತ್ತಲೆಯ ಕೋಣೆಯೊಳಗೆ ಇಡುವುದು ಸಲ್ಲದು. ಅಲ್ಲಿ ಬೆಳಕಿಲ್ಲದೆ ಕಂದುಗಳು ಬಿಳಿಚಿಕೊಂಡು ಸೊರಗುತ್ತವೆ.

ನಾಲ್ಕನೆಯದು, ಅತಿ ಚಳಿಯ ರಾತ್ರಿಗಳಲ್ಲಿ ಎಳೆಯ ಕಂದುಗಳಿಗೆ ಮೂರ್ನಾಲ್ಕು ಕಡ್ಡಿ ನೆಟ್ಟು ಮೇಲೆ ಗೋಣಿತಟ್ಟು ಹೊದಿಸಿ ಬೆಳಿಗ್ಗೆ ತೆಗೆಯಬೇಕು. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗುವಂತೆ ಹೊದಿಸಿದರೆ ಒಳಗೆ ನೀರು ಬೆವರಿ ಕೊಳೆತವೇ ಹೆಚ್ಚುತ್ತದೆ.

ಐದನೆಯದು, ಹೂ ಅರಳಿದ ಮೇಲೆ ಗೊಬ್ಬರ ಬೇಡ. ಬಾಡಿದ ಹೂವುಗಳನ್ನು ಆಗಾಗ ಕತ್ತರಿಸುತ್ತಿದ್ದರೆ ಸಾಕು. ತಂಪಿನ ದಿನಗಳಲ್ಲಿ ಎಳೆಯ ತುದಿಗಳಿಗೂ ಮೊಗ್ಗುಗಳಿಗೂ ಕಪ್ಪು ಅಥವಾ ಹಸಿರು ಹೇನು ಮುತ್ತುವುದು ಸಾಮಾನ್ಯ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪಿನ ನೀರು ಬೆರೆಸಿ ಎಲೆಯ ಕೆಳಬದಿಗೆ ತಾಗುವಂತೆ ಸಿಂಪಡಿಸಬೇಕು. ಈ ಸಿಂಪಡಣೆಯನ್ನು ಬಿಸಿಲು ಚುರುಕಾಗುವ ಮುನ್ನ ಬೆಳಿಗ್ಗೆಯೇ ಮಾಡಿದರೆ ಎಲೆ ಸುಡುವುದಿಲ್ಲ, ಸಂಜೆಯೊಳಗೆ ಆರುತ್ತದೆ.

ರಾತ್ರಿಯ ದೀಪದ ತೊಡಕು

"ಗಿಡ ಹಸಿರಾಗಿದೆ, ಆಳೆತ್ತರ ಬೆಳೆದಿದೆ, ಆದರೆ ದೀಪಾವಳಿ ಕಳೆದರೂ ಮೊಗ್ಗೇ ಇಲ್ಲ" ಎಂದು ಅನೇಕ ಸಹೋದರಿಯರು ಕೇಳುತ್ತಾರೆ. ಇದಕ್ಕೆ ಕಾರಣ ಪಡಸಾಲೆಯ ಬಲ್ಬೋ ಬೀದಿಯ ದೀಪವೋ ಇರಬಹುದು.

ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿಗಳು ದೀರ್ಘವಾದಾಗ. ಹಗಲು ರಾತ್ರಿಗಳ ಅವಧಿಯನ್ನು ಅನುಸರಿಸಿ ಗಿಡಗಳು ಹೂ ಬಿಡುತ್ತವೆಂಬ ತತ್ತ್ವವನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ನಮ್ಮ ಭಾಗದಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ಗಂಟೆ, ಡಿಸೆಂಬರಿನ ಹಗಲು ಸುಮಾರು 11 ಗಂಟೆ. ಸೆಪ್ಟೆಂಬರಿನ ನಂತರ ಕತ್ತಲೆ ಹೆಚ್ಚುತ್ತ ಹೋದಂತೆ ಗಿಡ ಎಲೆ ಬಿಡುವುದನ್ನು ಕಡಿಮೆ ಮಾಡಿ ಮೊಗ್ಗಿನ ಕೆಲಸಕ್ಕೆ ತೊಡಗುತ್ತದೆ. ನಡುರಾತ್ರಿಯಲ್ಲಿ ದೀಪ ಉರಿಯುತ್ತಿದ್ದರೆ ಗಿಡ ಅದನ್ನು ಹಗಲೆಂದೇ ಎಣಿಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕೆಲವು ರೈತರು ಹೂವನ್ನು ಬೇಕೆಂದೇ ತಡಮಾಡಲು ಸೇವಂತಿಗೆಯ ಹೊಲಗಳಲ್ಲಿ ರಾತ್ರಿ ಬಲ್ಬುಗಳನ್ನು ಉರಿಸುವುದು ಇದೇ ಕಾರಣಕ್ಕೆ. ಅವರು ಅರಿತು ಮಾಡುವುದನ್ನು ನಾವು ಅರಿಯದೆ ಮಾಡುತ್ತೇವೆ.

ಪರಿಹಾರ ಸರಳ. ಸೆಪ್ಟೆಂಬರಿನಿಂದ ಮೊಗ್ಗುಗಳು ಬಣ್ಣ ತೋರುವವರೆಗೆ ಕುಂಡವನ್ನು ರಾತ್ರಿ ಯಾವ ದೀಪದ ಬೆಳಕೂ ಬೀಳದ ಮೂಲೆಯಲ್ಲಿರಿಸಬೇಕು. ಬಣ್ಣ ಕಾಣಿಸಿದ ಮೇಲೆ ಬಾಗಿಲಿನ ಮುಂದೆ ತಂದಿಟ್ಟರೆ ಬಾಧಕವಿಲ್ಲ.

ಹೂ ಮುಗಿದ ನಂತರದ ಕೆಲಸ

ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಅವಧಿ ಸೇವಂತಿಗೆಯ ಪಾಲಿಗೆ ನಿರ್ಣಾಯಕ. ಹೂವುಗಳೆಲ್ಲ ಬಾಡಿದ ಮೇಲೆ ಹಳೆಯ ಕಾಂಡಗಳನ್ನು ಮಣ್ಣಿನಿಂದ ನಾಲ್ಕರಿಂದ ಆರು ಅಂಗುಲ ಬಿಟ್ಟು ಹರಿತವಾದ ಕತ್ತರಿಯಿಂದ ಕತ್ತರಿಸಬೇಕು. ಕೈಯಿಂದ ಎಳೆದರೆ ಕಂದುಗಳೂ ಕಿತ್ತುಬರುತ್ತವೆ. ಬುಡದ ಕಸವನ್ನು ತೆಗೆದು ಮೇಲಿನ ಮಣ್ಣನ್ನು ಹಗುರವಾಗಿ ಸಡಿಲಿಸಿ ಒಂದು ಹಿಡಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಹಾಕಬೇಕು. ಬೆಳಕು ಬುಡಕ್ಕೆ ತಲುಪಿದೊಡನೆ ಕಂದುಗಳು ಚೇತರಿಸಿಕೊಳ್ಳುತ್ತವೆ.

ಫೆಬ್ರುವರಿಯ ಕೊನೆಗೆ ಕಂದುಗಳು ಮೂರು ನಾಲ್ಕು ಅಂಗುಲ ಬೆಳೆದು ನಾಲ್ಕಾರು ಎಲೆ ಬಿಟ್ಟಿರುತ್ತವೆ. ಆಗ ಕುಂಡವನ್ನು ಬಗ್ಗಿಸಿ ಗಡ್ಡೆಯನ್ನು ಹೊರತೆಗೆದು ಪ್ರತಿ ಕಂದನ್ನೂ ಅದರ ಬೇರುಸಹಿತ ಬಿಡಿಸಬೇಕು. ಗಟ್ಟಿಯಾದ ನಡುಬುಡವನ್ನು ಬಿಟ್ಟು ಅಂಚಿನ ಪುಷ್ಟವಾದ ಕಂದುಗಳನ್ನು ಆರಿಸಿಕೊಳ್ಳುವುದು ಲೇಸು. ಒಂದೊಂದನ್ನು ಸಣ್ಣ ಕುಂಡದಲ್ಲಿ ನೆಟ್ಟು ವಾರದವರೆಗೆ ನೆರಳಿನಲ್ಲಿಡಬೇಕು.

ಮಣ್ಣಿನ ವಿಷಯದಲ್ಲಿ ನಮ್ಮ ಎರಡು ತಾಲ್ಲೂಕುಗಳಿಗೆ ವ್ಯತ್ಯಾಸವಿದೆ. ಬಸವಕಲ್ಯಾಣದ ಸುತ್ತ ಹೆಚ್ಚಾಗಿರುವ ಎರೆಮಣ್ಣು ಹೊಲಕ್ಕೆ ಶ್ರೇಷ್ಠವಾದರೂ ಕುಂಡಕ್ಕೆ ತಕ್ಕದ್ದಲ್ಲ. ಒದ್ದೆಯಾದರೆ ಅಂಟಾಗುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರನ್ನು ಹರಿಯುತ್ತದೆ. ಹುಮನಾಬಾದ್ ಕಡೆಯ ಜಂಬಿಟ್ಟಿಗೆ ನೆಲದ ಕೆಂಪುಮಣ್ಣು ನೀರನ್ನು ಬೇಗ ಬಿಟ್ಟುಕೊಡುತ್ತದೆ, ಆದರೆ ಅದರಲ್ಲಿ ಸಾರ ಕಡಿಮೆ. ಕೆಂಪುಮಣ್ಣು, ಮರಳು, ಕಳಿತ ಗೊಬ್ಬರ ಈ ಮೂರನ್ನೂ ಸಮಪಾಲು ಬೆರೆಸಿ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಎರಡೂ ಊರಿನವರಿಗೆ ಸರಿಹೋಗುತ್ತದೆ. ಎರೆಮಣ್ಣು ಬಿಟ್ಟು ಬೇರೆ ದೊರೆಯದಿದ್ದರೆ ಮರಳಿನ ಪಾಲನ್ನು ಹೆಚ್ಚಿಸಬೇಕು.

ನರ್ಸರಿಯಿಂದ ತಂದ ಪುಟ್ಟ, ಗುಂಡಗಿನ ಕುಂಡಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಅನೇಕ ಸಲ ಒಂದೇ ಕುಂಡದಲ್ಲಿ ಹಲವು ಸಸಿಗಳನ್ನು ಒತ್ತಾಗಿ ನೆಟ್ಟಿರುತ್ತಾರೆ, ಎತ್ತರ ಬೆಳೆಯದಂತೆ ಔಷಧ ಕೊಟ್ಟಿರುವುದೂ ಉಂಟು. ಅವುಗಳ ಕಂದುಗಳು ಎರಡನೆಯ ವರ್ಷ ಉದ್ದವಾಗಿ ಬೆಳೆದರೆ ಗಾಬರಿಯಾಗಬೇಕಿಲ್ಲ. ಅದೇ ಆ ಗಿಡದ ನಿಜವಾದ ಎತ್ತರ.

ಬೇಸಿಗೆಯನ್ನು ದಾಟಿಸುವುದು

ಚಳಿಗಾಲದಲ್ಲಿ ಉಳಿದ ಗಿಡವನ್ನು ನಮ್ಮಲ್ಲಿ ನಿಜವಾಗಿ ಪರೀಕ್ಷಿಸುವುದು ಬೇಸಿಗೆ. ಯುಗಾದಿಯಿಂದ ಮೃಗಶಿರಾ ಮಳೆಯವರೆಗೆ ಬಿಸಿಲು 40 ಡಿಗ್ರಿಯನ್ನು ಮುಟ್ಟುವ ದಿನಗಳಲ್ಲಿ ಕಂದುಗಳು ಒಂದೇ ಮಧ್ಯಾಹ್ನದಲ್ಲಿ ಸುಟ್ಟುಹೋಗಬಲ್ಲವು. ಬೇವಿನ ಮರದ ನೆರಳು ಅಥವಾ ಪೂರ್ವದ ಗೋಡೆಯ ಬದಿ ಇವುಗಳಿಗೆ ಒಳ್ಳೆಯ ಆಶ್ರಯ. ಬೆಳಗಿನ ಎಳೆಬಿಸಿಲು ಸಿಗಲಿ, ಮಧ್ಯಾಹ್ನದ ಬಿಸಿಲು ತಪ್ಪಲಿ. ಮಣ್ಣಿನ ಮೇಲೆ ಒಣ ಎಲೆ ಅಥವಾ ತೊಗರಿಹೊಟ್ಟಿನ ಹೊದಿಕೆ ಹಾಸಿದರೆ ತೇವ ಉಳಿಯುತ್ತದೆ. ಕುಂಡಗಳನ್ನು ಒಂದಕ್ಕೊಂದು ತಾಗಿಸಿ ಗುಂಪಾಗಿಟ್ಟರೆ ಪಕ್ಕಗಳು ಕಾಯುವುದು ಕಡಿಮೆಯಾಗುತ್ತದೆ.

ನೀರಿನ ಅಭಾವ ನಮ್ಮ ಭಾಗಕ್ಕೆ ಹೊಸದಲ್ಲ. ನಲ್ಲಿಯ ನೀರು ದಿನಬಿಟ್ಟು ದಿನ ಬರುವ ಓಣಿಗಳಲ್ಲಿ ಹೂವಿನ ಗಿಡಕ್ಕೆ ಕುಡಿಯುವ ನೀರು ಸುರಿಯುವುದು ಯಾರಿಗೂ ಮನಸ್ಸೊಪ್ಪದ ಮಾತು. ಅಕ್ಕಿ ಬೇಳೆ ತೊಳೆದ, ಸೋಪು ಉಪ್ಪುಗಳಿಲ್ಲದ ನೀರು ಎರಡು ಮೂರು ಸಣ್ಣ ಕುಂಡಗಳಿಗೆ ಧಾರಾಳವಾಗಿ ಸಾಕಾಗುತ್ತದೆ. ಈ ದಿನಗಳಲ್ಲಿ ಹೂವಿನ ಆಸೆ ಬೇಡ, ಹಸಿರು ಉಳಿದರೆ ಸಾಕು. ಎಲ್ಲ ಕಂದುಗಳನ್ನೂ ಉಳಿಸಲಾಗದಿದ್ದರೆ ಬಲವಾದ ಎರಡನ್ನಾದರೂ ಉಳಿಸಬೇಕು.

ಮಳೆಗಾಲ ಮತ್ತು ಕುಡಿ ಚಿವುಟುವುದು

ಮಳೆ ಬಿದ್ದು ಗಾಳಿ ತಂಪಾದೊಡನೆ ಗಿಡ ಮತ್ತೆ ಬೆಳೆಯುತ್ತದೆ. ಜೂನ್‌ನಲ್ಲಿ ಎಳೆಯ ತುದಿಗಳನ್ನು ಎರಡೂವರೆ ಅಂಗುಲದಷ್ಟು ಕತ್ತರಿಸಿ ಕೆಳಗಿನ ಎಲೆಗಳನ್ನು ತೆಗೆದು ಒದ್ದೆ ಮರಳಿನಲ್ಲಿ ಊರಿದರೆ ಎರಡು ಮೂರು ವಾರಗಳಲ್ಲಿ ಬೇರು ಬಿಡುತ್ತವೆ. ಹೀಗೆ ಒಂದು ಕಂದಿನಿಂದ ಐದಾರು ಗಿಡಗಳಾಗುತ್ತವೆ. ಜುಲೈ, ಆಗಸ್ಟ್ ವೇಳೆಗೆ ಇವುಗಳನ್ನು ಎಂಟು ಅಥವಾ ಹತ್ತು ಅಂಗುಲದ ಮಣ್ಣಿನ ಕುಂಡಕ್ಕೆ ವರ್ಗಾಯಿಸಬೇಕು.

ನೆಟ್ಟ ನಾಲ್ಕು ವಾರಗಳ ನಂತರ ಪ್ರತಿ ಗಿಡದ ಕುಡಿಯನ್ನು ಬೆರಳಿನಿಂದ ಚಿವುಟಬೇಕು. ಬೆಳೆಯುವ ತುದಿಯನ್ನು ಕೀಳಲು ಮನಸ್ಸು ಹಿಂಜರಿಯುವುದು ಸಹಜ. ಆದರೆ ಚಿವುಟಿದ ಕೆಳಗಿನಿಂದ ಮೂರು ನಾಲ್ಕು ಕವಲುಗಳು ಒಡೆಯುತ್ತವೆ, ಪ್ರತಿ ಕವಲಿನಲ್ಲಿಯೂ ಹೂಗಳಾಗುತ್ತವೆ. ಕವಲುಗಳು ಬೆಳೆದ ಮೇಲೆ ಇನ್ನೊಮ್ಮೆ ಚಿವುಟಬಹುದು. ಸೆಪ್ಟೆಂಬರ್ ಆರಂಭದ ನಂತರ ಚಿವುಟಬಾರದು, ಏಕೆಂದರೆ ಆಗ ಮೊಗ್ಗಿನ ಕಾಲ ಹತ್ತಿರ ಬಂದಿರುತ್ತದೆ. ಸತತ ಮಳೆ ಸುರಿಯುವಾಗ ಕುಂಡಗಳನ್ನು ಸೂರಿನ ಕೆಳಗೆ ಸರಿಸಲು ಮರೆಯಬಾರದು.

ಸಂದೇಹಗಳಿದ್ದಲ್ಲಿ ಬೀದರಿನ ತೋಟಗಾರಿಕೆ ಮಹಾವಿದ್ಯಾಲಯದವರನ್ನೋ ತಾಲ್ಲೂಕಿನ ತೋಟಗಾರಿಕೆ ಇಲಾಖೆಯವರನ್ನೋ ವಿಚಾರಿಸಬಹುದು.

ಒಂದು ಗಿಡ, ಎರಡು ಮನೆ

ಕೊನೆಯದಾಗಿ ಒಂದು ವಿನಂತಿ. 1789ರಲ್ಲಿ ಬ್ಲಾಂಕಾರ್ ಎಂಬ ಫ್ರೆಂಚ್ ವರ್ತಕ ಚೀನದಿಂದ ಮೂರು ಬಗೆಯ ಸೇವಂತಿಗೆಗಳನ್ನು ಹಡಗಿನಲ್ಲಿ ತಂದನು. ಅವುಗಳಲ್ಲಿ ಬದುಕಿ ಉಳಿದದ್ದು ಒಂದೇ, ನೇರಳೆ ಬಣ್ಣದ್ದು. ಆ ಒಂದು ಗಿಡದ ಸಂತತಿ ಕೈಯಿಂದ ಕೈಗೆ ಹಂಚಿಹೋಗಿ ಯೂರೋಪಿನ ತೋಟಗಳಲ್ಲಿ ನೆಲೆಗೊಂಡಿತು. ಉಳಿದ ಆ ಒಂದನ್ನೂ ತನ್ನಲ್ಲೇ ಇಟ್ಟುಕೊಂಡು ಒಂದು ಬೇಸಿಗೆಯಲ್ಲಿ ಕಳೆದುಕೊಂಡಿದ್ದರೆ?

ಹಂಚಿದ ಗಿಡ ಉಳಿಯುತ್ತದೆ. ಒಂದು ಮನೆಯಲ್ಲಿ ನೀರು ತಪ್ಪಬಹುದು, ಮತ್ತೊಂದರಲ್ಲಿ ಮದುವೆಯೋ ಪ್ರವಾಸವೋ ಅಡ್ಡ ಬರಬಹುದು, ಮಗದೊಂದರಲ್ಲಿ ಸಾವು ಸಂಭವಿಸಬಹುದು. ಆದುದರಿಂದ ಶಿವರಾತ್ರಿಯ ವೇಳೆಗೆ ಕಂದುಗಳನ್ನು ಬಿಡಿಸಿದಾಗ ಎರಡನ್ನು ನೆರೆಮನೆಗೆ, ಒಂದನ್ನು ಮದುವೆಯಾಗಿ ಹೋದ ಮಗಳಿಗೆ ಕೊಡುವ ಪದ್ಧತಿಯನ್ನು ಇಟ್ಟುಕೊಳ್ಳಬೇಕು. ಕೊಟ್ಟವರ ಮನೆಯಲ್ಲಿ ಗಿಡ ಹೋದರೆ ಪಡೆದವರು ಹಿಂದಿರುಗಿಸಬಲ್ಲರು. ಇದ್ದುದನ್ನು ಹಂಚಿ ಬಾಳುವ ದಾಸೋಹದ ಮಾತನ್ನು ಮನೆಯ ಮಕ್ಕಳಿಗೆ ತಿಳಿಸಿಕೊಡಲು ಇದಕ್ಕಿಂತ ಸುಲಭವಾದ ದಾರಿ ಬೇರೆ ಬೇಕಿಲ್ಲ.

ನಮ್ಮ ಅತ್ತೆಯವರ ಗಿಡ ಈಗ ಮೂರು ಮನೆಗಳಲ್ಲಿದೆ. ಅದರಲ್ಲಿ ಒಂದು, ಅಂದು ಬಾಗಿ ಬುಡವನ್ನು ನೋಡಿದ ಆ ಹಿರಿಯ ತಾಯಿಯ ಮನೆ. ನಡುವೆ ಒಂದು ಕಡು ಬೇಸಿಗೆಯಲ್ಲಿ ನಮ್ಮ ಕುಂಡ ಪೂರ್ತಿ ಒಣಗಿತು. ಆ ವರ್ಷದ ಮಳೆಗಾಲದಲ್ಲಿ ಅವರ ಮನೆಯಿಂದಲೇ ಬೇರು ಬಿಟ್ಟ ತುಂಡೊಂದು ನಮ್ಮ ಪಡಸಾಲೆಗೆ ಮರಳಿ ಬಂದಿತು. ದೀಪಾವಳಿಗೆ ಮತ್ತೆ ಅದೇ ಹಳದಿ ಹೂವು ಅರಳಿತು.

ಆದುದರಿಂದ ಈ ಚಳಿಗಾಲ ಮುಗಿಯುವಾಗ ಕುಂಡವನ್ನು ಹಿತ್ತಲಿಗೆ ಒಯ್ಯುವ ಮುನ್ನ ಒಮ್ಮೆ ಬಾಗಿ ಬುಡವನ್ನು ನೋಡಿರಿ.